ನಿಂತ ಮರಕ್ಕೆ ಲೆಕ್ಕವಿಲ್ಲವೇ? ಇಂಗಾಲದ ಕಾನೂನಿನ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಹಸಿರುಮನೆ ಅನಿಲಗಳ ನಿಯಂತ್ರಣಕ್ಕೆ ಸರ್ಕಾರ ತಂದಿರುವ ನಿಯಮಗಳ ಬಗ್ಗೆ ಈ ಬಾರಿ ಕೊಡಗಿನಿಂದ ಬಂದ ಪತ್ರಗಳೇ ಹೆಚ್ಚು. ಅವುಗಳಲ್ಲಿ ಬಹುಪಾಲು ಒಂದೇ ವಿಷಯವನ್ನು ಬೇರೆ ಬೇರೆ ರೀತಿಯಲ್ಲಿ ಕೇಳಿದ್ದರಿಂದ ಆರನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮದು 18 ಎಕರೆ ರೋಬಸ್ಟಾ ತೋಟ. ನಂದಿ, ಮತ್ತಿ, ಹಲಸು, ಬೀಟೆ ಎಲ್ಲ ಸೇರಿ 400ಕ್ಕೂ ಹೆಚ್ಚು ಮರಗಳಿವೆ. ಹಲವು ನಮ್ಮ ಅಜ್ಜನ ಕಾಲದವು. ಕಳೆದ ತಿಂಗಳು ಬಂದ ಇಬ್ಬರು ಏಜೆಂಟರು, ಈ ಮರಗಳಲ್ಲಿರುವ ಇಂಗಾಲವನ್ನು ಮಾರಿಕೊಡುತ್ತೇವೆ, 30 ವರ್ಷದ ಕರಾರಿಗೆ ಸಹಿ ಹಾಕಿ ಎಂದರು. ಸರ್ಕಾರದ್ದೇ ಕಾನೂನು ಎಂದು ಮೊಬೈಲಿನಲ್ಲಿ ಗೆಜೆಟ್ ಅಧಿಸೂಚನೆಯನ್ನೂ ತೋರಿಸಿದರು. ಸಹಿ ಹಾಕಬಹುದೇ? – ಬೆಳೆಗಾರರು, ಸಿದ್ದಾಪುರ

ಉತ್ತರ: ಈಗ ಹಾಕಬೇಡಿ. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಅವರು ತೋರಿಸಿದ ಅಧಿಸೂಚನೆ ಸುಳ್ಳಿರಲಾರದು. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಬನ್ ಕ್ರೆಡಿಟ್ ವಹಿವಾಟಿಗೆ ಯೋಜನೆ ರೂಪಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡಲಾಯಿತು. ಅದರ ಅಡಿಯಲ್ಲಿ 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಪ್ರಕಟವಾಯಿತು. ಮೊದಲು ಅದು ದೊಡ್ಡ ಕಾರ್ಖಾನೆಗಳಿಗಷ್ಟೇ ಸಂಬಂಧಿಸಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತಿದ್ದುಪಡಿಯಾಗಿ, ಕಾನೂನಿನ ಕಟ್ಟುಪಾಡಿಗೆ ಒಳಪಡದವರೂ ತಾವಾಗಿ ಮುಂದೆ ಬಂದು ಕ್ರೆಡಿಟ್ ಪಡೆಯಲು ದಾರಿಯಾಯಿತು. ಏಜೆಂಟರು ಹಿಡಿದುಕೊಂಡು ಓಡಾಡುತ್ತಿರುವುದು ಈ ಎರಡನೆಯ ದಾರಿಯನ್ನು.

ಆದರೆ ಆ ದಾರಿಗೆ ಒಂದು ಬಾಗಿಲಿದೆ. ವಾತಾವರಣದಿಂದ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ತೆಗೆದರೆ, ಅಥವಾ ಅಷ್ಟು ಅಲ್ಲಿಗೆ ಸೇರದಂತೆ ತಡೆದರೆ ಒಂದು ಕ್ರೆಡಿಟ್. ಅದನ್ನು ಕೊಡುವಾಗ ಕೇಳುವ ಮೊದಲ ಪ್ರಶ್ನೆ, ಈ ಯೋಜನೆ ಇಲ್ಲದಿದ್ದರೂ ಇದು ನಡೆಯುತ್ತಿತ್ತೇ ಎಂಬುದು. ನಿಮ್ಮ ಅಜ್ಜ ಉಳಿಸಿದ ನಂದಿ ಮರ ಕಾರ್ಬನ್ ಕ್ರೆಡಿಟ್ ಎಂಬ ಮಾತು ಹುಟ್ಟುವ ಮೊದಲೇ ನಿಂತಿತ್ತು. ಕಾಫಿಗೆ ನೆರಳು ಬೇಕಾದ್ದರಿಂದ ಮುಂದೆಯೂ ನಿಲ್ಲುತ್ತದೆ. ಆದ್ದರಿಂದ ಅದರೊಳಗಿನ ಇಂಗಾಲ ಮೂಲ ಲೆಕ್ಕಕ್ಕೆ ಸೇರುತ್ತದೆಯೇ ಹೊರತು ಮಾರಾಟದ ಲೆಕ್ಕಕ್ಕೆ ಬರುವುದಿಲ್ಲ. ಆಂಧ್ರದ ಅರಕು ಕಣಿವೆಯಲ್ಲಿ ಕಾಫಿ ಬೆಳೆಯುವವರ ಜಮೀನಿನಲ್ಲಿ ಇಂಥ ಯೋಜನೆ ನಡೆದದ್ದುಂಟು. ಅಲ್ಲಿ ಲೆಕ್ಕಕ್ಕೆ ಬಂದದ್ದು ಬೋಳು ಇಳಿಜಾರುಗಳಲ್ಲಿ ಹೊಸದಾಗಿ ನೆಟ್ಟ ಗಿಡಗಳು.

ಇದು ಅನ್ಯಾಯವೆಂದು ನಿಮಗೆ ಅನ್ನಿಸಿದರೆ ನಾನು ವಾದಿಸುವುದಿಲ್ಲ. ಮರ ಕಡಿದು ಸಿಲ್ವರ್ ಓಕ್ ಹಾಕಿದವನ ತೋಟದಲ್ಲಿ ‘ಬೆಳವಣಿಗೆ’ ಕಾಣಿಸುತ್ತದೆ, ಕಡಿಯದವನ ತೋಟದಲ್ಲಿ ಏನೂ ಕಾಣಿಸುವುದಿಲ್ಲ. ಇದನ್ನು ತಪ್ಪಿಸಲೆಂದೇ, ಕಳೆದ 10 ವರ್ಷಗಳಲ್ಲಿ ಸಹಜ ಕಾಡು ಕಡಿದ ಜಾಗವನ್ನು ಒಪ್ಪುವುದಿಲ್ಲ ಎಂಬ ಷರತ್ತು ಅಂತರರಾಷ್ಟ್ರೀಯ ಖಾಸಗಿ ಮಾನದಂಡಗಳಲ್ಲಿದೆ. ಆದರೂ ಕಡಿಯದವನಿಗೆ ಅದರಿಂದ ಸಿಗುವುದು ಸಮಾಧಾನ ಮಾತ್ರ. ಈ ಕಾನೂನು ಅಳೆಯುವುದು ಬದಲಾವಣೆಯನ್ನು. ಇದ್ದದ್ದನ್ನು ಹಾಗೆಯೇ ಇಟ್ಟುಕೊಳ್ಳುವುದನ್ನು ಅಳೆಯುವ ಕೋಲು ಅದರ ಬಳಿ ಇಲ್ಲ.

ಹೊಸ ಗಿಡ ನೆಟ್ಟರೆ ಎಷ್ಟು ಸಿಗಬಹುದು? ಒಣ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಕಿಲೋ ಇಂಗಾಲವೆಂದರೆ 3.67 ಕಿಲೋ ಇಂಗಾಲದ ಡೈಆಕ್ಸೈಡ್. ಒಂದು ಗಿಡ ವರ್ಷಕ್ಕೆ 10 ಕಿಲೋ ಒಣ ತೂಕ ಹೆಚ್ಚಿಸಿಕೊಂಡಿತೆಂದು ಇಟ್ಟುಕೊಳ್ಳಿ. ಸುಮಾರು 18 ಕಿಲೋ ಅನಿಲವನ್ನು ಅದು ಹಿಡಿದಂತಾಯಿತು. 500 ಗಿಡಗಳಿಗೆ ವರ್ಷಕ್ಕೆ 9 ಟನ್, ಅಂದರೆ 9 ಕ್ರೆಡಿಟ್. ಒಂದಕ್ಕೆ 800 ರೂಪಾಯಿ ಎಂದು ಊಹಿಸಿಕೊಂಡರೂ 7,200 ರೂಪಾಯಿ. ಅದರಲ್ಲಿ ಅಳತೆಯ ಖರ್ಚು, ತಪಾಸಣೆಯ ಖರ್ಚು, ನೋಂದಣಿ ಶುಲ್ಕ, ಏಜೆಂಟರ ಪಾಲು ಕಳೆಯಬೇಕು. ಕಳೆದ ಕೆಲವು ವರ್ಷಗಳ ಕಾಫಿ ಬೆಲೆಯನ್ನು ಕಂಡಿರುವ ನಿಮಗೆ ಈ ಮೊತ್ತ ಎಷ್ಟರದೆಂದು ನಾನು ಹೇಳಬೇಕಾಗಿಲ್ಲ.

ಕೊನೆಯದಾಗಿ, ಆ 30 ವರ್ಷ. ಇಂಥ ಕರಾರುಗಳು ಸಾಮಾನ್ಯವಾಗಿ 20ರಿಂದ 40 ವರ್ಷದವು, ಏಕೆಂದರೆ ಹಿಡಿದಿಟ್ಟ ಇಂಗಾಲ ಅಷ್ಟು ಕಾಲ ಅಲ್ಲೇ ಇರಬೇಕು. ಆ ಅವಧಿಯಲ್ಲಿ ಮಗಳ ಮದುವೆಗೆಂದು ನಾಲ್ಕು ಮರ ಮಾರಬೇಕಾಗಿ ಬಂದರೆ, ಮರಗಸಿ ಮಾಡುವಾಗ ಕೊಂಬೆ ಹೆಚ್ಚು ಇಳಿಸಿದರೆ, ತೋಟವನ್ನೇ ಭಾಗ ಮಾಡಿದರೆ ಏನಾಗುತ್ತದೆ ಎಂಬುದು ಕರಾರಿನಲ್ಲಿ ಬರೆದಿರಬೇಕು. 2018ರ ಆಗಸ್ಟ್‌ನಂಥ ಮಳೆ ಬಂದು ಬರೆ ಜರಿದು ಮರಗಳು ಹೊಳೆಗೆ ಹೋದರೆ ನಷ್ಟ ಯಾರದು ಎಂಬುದೂ ಇರಬೇಕು. ಒಳ್ಳೆಯ ಯೋಜನೆಗಳಲ್ಲಿ ಇಂಥ ಆಪತ್ತಿಗೆಂದು ಕ್ರೆಡಿಟ್‌ಗಳ ಒಂದು ಪಾಲನ್ನು ಮಾರದೆ ತೆಗೆದಿಡುತ್ತಾರೆ. ನಿಮ್ಮ ಏಜೆಂಟರನ್ನು ಈ ಪಾಲಿನ ಬಗ್ಗೆ ಕೇಳಿ ನೋಡಿ. ಮುಖ ನೋಡಿದರೇ ಉತ್ತರ ಸಿಗುತ್ತದೆ.

ಪ್ರಶ್ನೆ: ನಮ್ಮದು ಜಮ್ಮಾ ಬಾಣೆ ಜಮೀನು. ಅದರಲ್ಲಿರುವ ಮರಗಳ ಇಂಗಾಲ ಕಾನೂನಿನ ಪ್ರಕಾರ ಯಾರಿಗೆ ಸೇರಿದ್ದು, ನಮಗೋ ಸರ್ಕಾರಕ್ಕೋ? – ಓದುಗರು, ನಾಪೋಕ್ಲು

ಉತ್ತರ: ಮರದೊಳಗಿನ ಇಂಗಾಲ ಯಾರದೆಂದು ಹೇಳುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ಜನ ಮರದ ಹಕ್ಕನ್ನೇ ಆಧಾರವಾಗಿ ಹಿಡಿಯುತ್ತಾರೆ, ಕೊಡಗಿನಲ್ಲಿ ತೊಡಕು ಶುರುವಾಗುವುದೇ ಅಲ್ಲಿಂದ. ಮರದ ಮೌಲ್ಯವನ್ನು ಹಿಂದೆಯೇ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡ ಜಮೀನು ಒಂದು ಬಗೆ, ಬಿಡಿಸಿಕೊಳ್ಳದೆ ಉಳಿದದ್ದು ಇನ್ನೊಂದು ಬಗೆ. ರಿಡೀಮ್ಡ್, ಅನ್‌ರಿಡೀಮ್ಡ್ ಎಂದು ನಮ್ಮ ಹಿರಿಯರು ಈಗಲೂ ಹೇಳುವುದು ಇದನ್ನೇ. ಎರಡನೆಯ ಬಗೆಯಲ್ಲಿ ಮರದ ಮೇಲೆ ಸರ್ಕಾರದ ಹಕ್ಕು ಉಳಿದಿರುವಾಗ, ಅದೇ ಮರದ ಇಂಗಾಲವನ್ನು ಖಾಸಗಿಯವರಿಗೆ 30 ವರ್ಷ ಬರೆದುಕೊಡುವುದು ಹೇಗೆ ಎಂದು ಯಾವ ವಕೀಲರಾದರೂ ಕೇಳಿಯಾರು. ಅದರ ಮೇಲೆ ಜಮ್ಮಾ, ಅಂದರೆ ಮನೆತನಕ್ಕೆ ತಲೆಮಾರುಗಳಿಂದ ಬಂದ ಜಮೀನು, ಒಬ್ಬರ ಸ್ವತ್ತಾಗಿರುವುದಿಲ್ಲ. ದಾಖಲೆಯಲ್ಲಿ ಪಟ್ಟೇದಾರರ ಜೊತೆ ಒಕ್ಕದ (ಮನೆತನದ) ಇತರರ ಹೆಸರೂ ಇರುತ್ತದೆ. ಅವರ ಒಪ್ಪಿಗೆಯಿಲ್ಲದೆ ಒಬ್ಬರು ಸಹಿ ಹಾಕಿದರೆ ಮೊದಲು ಬರುವುದು ಹಣವಲ್ಲ, ನೋಟಿಸು. ಆರ್‌ಟಿಸಿಯನ್ನೂ ಮರದ ಹಕ್ಕಿನ ದಾಖಲೆಯನ್ನೂ ಎದುರಿಗಿಟ್ಟುಕೊಂಡು ಊರಿನ ವಕೀಲರ ಜೊತೆ ಕುಳಿತ ಮೇಲೆಯೇ ಮುಂದಿನ ಮಾತು.

ಪ್ರಶ್ನೆ: ಅನಿಲ ಉಗುಳುವ ದೊಡ್ಡ ಕಾರ್ಖಾನೆಗಳಿಗೆ ಸರ್ಕಾರ ನಿಜವಾಗಿ ಏನು ಕಡ್ಡಾಯ ಮಾಡಿದೆ? ತಪ್ಪಿದರೆ ಏನು ಶಿಕ್ಷೆ? – ನಿವೃತ್ತ ಶಿಕ್ಷಕರು, ಸೋಮವಾರಪೇಟೆ

ಉತ್ತರ: 2025ರ ಅಕ್ಟೋಬರ್‌ನಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ 1986ರ ಅಡಿಯಲ್ಲಿ ನಿಯಮಗಳು ಹೊರಬಿದ್ದವು. ಅಲ್ಯೂಮಿನಿಯಂ, ಸಿಮೆಂಟ್, ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್, ಕಾಗದ ಈ ನಾಲ್ಕು ವಲಯಗಳ 282 ಘಟಕಗಳಿಗೆ ಒಂದೊಂದಕ್ಕೂ ಗುರಿ ನಿಗದಿಯಾಯಿತು. ಅವುಗಳಲ್ಲಿ 186 ಸಿಮೆಂಟ್‌ನವೇ. ಉಕ್ಕು, ರಸಗೊಬ್ಬರ, ಪೆಟ್ರೋಲಿಯಂ ಸಂಸ್ಕರಣೆ, ಜವಳಿ ಮುಂತಾದವೂ ವಹಿವಾಟು ಯೋಜನೆಯ ಪಟ್ಟಿಯಲ್ಲಿವೆ. ಕರ್ನಾಟಕದಲ್ಲಿ ಕಲಬುರಗಿ ಕಡೆಯ ಸಿಮೆಂಟ್ ಕಾರ್ಖಾನೆಗಳು, ದಾಂಡೇಲಿಯ ಕಾಗದ ತಯಾರಿಕೆ ಇಂಥ ವಲಯಗಳಿಗೆ ಸೇರಿದವು. ಕೊಡಗಿನಲ್ಲಿ ಇಂಥದ್ದೇನೂ ಇಲ್ಲ.

2023–24ನೇ ಸಾಲಿನಲ್ಲಿ ಒಂದು ಟನ್ ಉತ್ಪನ್ನಕ್ಕೆ ಎಷ್ಟು ಅನಿಲ ಬಿಟ್ಟಿತೆಂಬುದನ್ನು ಘಟಕದ ಮೂಲ ಲೆಕ್ಕವೆಂದು ಹಿಡಿದು, 2025–26 ಮತ್ತು 2026–27ರಲ್ಲಿ ಅದು ಎಷ್ಟಕ್ಕೆ ಇಳಿಯಬೇಕೆಂದು ಹೇಳಲಾಗಿದೆ. ಗುರಿಗಿಂತ ಹೆಚ್ಚು ಇಳಿಸಿದವರಿಗೆ ಕಾರ್ಬನ್ ಕ್ರೆಡಿಟ್ ಪ್ರಮಾಣಪತ್ರ ಸಿಗುತ್ತದೆ. ಇಳಿಸಲಾಗದವರು ಅದನ್ನು ಮಾರುಕಟ್ಟೆಯಲ್ಲಿ ಕೊಂಡು ಒಪ್ಪಿಸಬೇಕು. ಕೊಳ್ಳದೆಯೂ ಕೈಕಟ್ಟಿ ಕುಳಿತರೆ, ಕೊರತೆ ಬಿದ್ದಷ್ಟು ಪ್ರಮಾಣಪತ್ರಗಳ ಸರಾಸರಿ ಬೆಲೆಯ ಎರಡು ಪಟ್ಟನ್ನು ಪರಿಸರ ಪರಿಹಾರವೆಂದು ಕಟ್ಟಬೇಕು. ಇಂಧನ ದಕ್ಷತಾ ಬ್ಯೂರೋ ಇದರ ಆಡಳಿತ ನೋಡಿಕೊಳ್ಳುತ್ತದೆ, ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ವಹಿವಾಟಿನ ಮೇಲೆ ಕಣ್ಣಿಡುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಗುರಿ ಇರುವುದು ಪ್ರತಿ ಟನ್ ಉತ್ಪನ್ನದ ಮೇಲೆ, ಒಟ್ಟು ಹೊಗೆಯ ಮೇಲಲ್ಲ. ಕಾರ್ಖಾನೆಯೊಂದು ಟನ್ನಿನ ಲೆಕ್ಕದಲ್ಲಿ ಶೇ 5ರಷ್ಟು ಇಳಿಸಿ ಉತ್ಪಾದನೆಯನ್ನು ಶೇ 20ರಷ್ಟು ಏರಿಸಿದರೆ, ಒಟ್ಟು ಅನಿಲ ಶೇ 14ರಷ್ಟು ಹೆಚ್ಚುತ್ತದೆ. ಕಾನೂನಿನ ಕಣ್ಣಿನಲ್ಲಿ ಮಾತ್ರ ಅದು ಪಾಸು. ದೇಶದ ಅಂತರರಾಷ್ಟ್ರೀಯ ವಾಗ್ದಾನವೂ ಇದೇ ಅಚ್ಚಿನದು: ಒಟ್ಟು ದೇಶೀಯ ಉತ್ಪನ್ನದ ಪ್ರತಿ ರೂಪಾಯಿಗೆ ತಗಲುವ ಹೊರಸೂಸುವಿಕೆಯನ್ನು 2005ಕ್ಕೆ ಹೋಲಿಸಿ 2030ರೊಳಗೆ ಶೇ 45ರಷ್ಟು ಇಳಿಸುತ್ತೇವೆ ಎಂದು 2022ರಲ್ಲಿ ಭಾರತ ಹೇಳಿತು. ಬೆಳೆಯುತ್ತಿರುವ ದೇಶಕ್ಕೆ ಇದು ಸದ್ಯಕ್ಕೆ ಸರಿಯಾದ ಮೆಟ್ಟಿಲು ಎಂದೇ ನನ್ನ ಎಣಿಕೆ. ಆದರೆ ಒಟ್ಟು ಹೊರಸೂಸುವಿಕೆಯನ್ನು ಹಿಡಿದಿಡುವ ಕಾನೂನು 2070ರ ನಿವ್ವಳ ಶೂನ್ಯದ (ಬಿಟ್ಟಷ್ಟು ಅನಿಲವನ್ನು ವಾತಾವರಣದಿಂದ ತೆಗೆಯುವ) ಗುರಿಗಿಂತ ಬಹಳ ಮೊದಲೇ ಬರಬೇಕಾಗುತ್ತದೆ.

ಪ್ರಶ್ನೆ: ಕಾರ್ಖಾನೆಯ ಇಂಗಾಲವನ್ನು ಹಿಡಿದು ಭೂಮಿಯೊಳಗೆ ಹೂಳುತ್ತಾರಂತೆ. ಪಶ್ಚಿಮ ಘಟ್ಟದ ಬೆಟ್ಟಗಳ ಅಡಿಯಲ್ಲಿ ಹೂಳುವ ಆಲೋಚನೆ ಇದೆಯೇ? ಅದು ಸೋರಿದರೆ? ಇದಕ್ಕೆ ಕಾನೂನು ಇದೆಯೇ? – ಕಾಲೇಜು ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಬೆಟ್ಟಗಳ ಬಗ್ಗೆ ಚಿಂತೆ ಬೇಡ. ಅನಿಲ ಹೂಳಲು ಸ್ಪಂಜಿನಂತೆ ಸೂಕ್ಷ್ಮ ರಂಧ್ರಗಳಿರುವ ಜಲಜ ಶಿಲೆಯ ಪದರ ಬೇಕು, ಅದರ ಮೇಲೆ ಮುಚ್ಚಳದಂತೆ ಬಿಗಿಯಾದ ಇನ್ನೊಂದು ಪದರ ಬೇಕು, ಆಳ ಸುಮಾರು 800 ಮೀಟರ್ ಮೀರಬೇಕು. ಕೊಡಗಿನ ಬೆಟ್ಟಗಳು ನೈಸ್ ಮತ್ತು ಚಾರ್ನೊಕೈಟ್ ಎಂಬ ಅತಿ ಹಳೆಯ, ಗಟ್ಟಿ ಕಲ್ಲುಗಳವು. ಅವುಗಳಲ್ಲಿ ಅನಿಲ ತುಂಬುವಷ್ಟು ಜಾಗವೇ ಇಲ್ಲ. ಉತ್ತರ ಕರ್ನಾಟಕದ ಬೆಳಗಾವಿ, ವಿಜಯಪುರ, ಬೀದರ್ ಕಡೆ ಹರಡಿರುವ ಬಸಾಲ್ಟ್ ಮಾತ್ರ ವಿಜ್ಞಾನಿಗಳ ಆಸಕ್ತಿ ಕೆರಳಿಸಿದೆ. ಐಸ್‌ಲೆಂಡಿನಲ್ಲಿ 2012ರಲ್ಲಿ ನೀರಿನಲ್ಲಿ ಕರಗಿಸಿ ಬಸಾಲ್ಟಿಗೆ ಇಳಿಸಿದ ಅನಿಲದಲ್ಲಿ ಶೇ 95ಕ್ಕಿಂತ ಹೆಚ್ಚು ಎರಡೇ ವರ್ಷದೊಳಗೆ ಕಲ್ಲಾಗಿ ಮಾರ್ಪಟ್ಟದ್ದು ಅದಕ್ಕೆ ಕಾರಣ.

ಹಿಡಿಯುವ ವಿಧಾನ ಹೊಸದೇನಲ್ಲ. ಚಿಮಣಿಗೆ ಹೋಗುವ ಹೊಗೆಯನ್ನು ಅಮೀನ್ ಎಂಬ ದ್ರಾವಣದ ಮೂಲಕ ಹಾಯಿಸಿದರೆ ಅದು ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ; ಆ ದ್ರಾವಣವನ್ನು ಬೇರೆ ಕಡೆ ಕಾಯಿಸಿದರೆ ಅನಿಲ ಬಿಟ್ಟುಕೊಂಡು ಹೊರಬರುತ್ತದೆ. ಕಾಯಿಸುವುದಕ್ಕೇ ಬಹಳ ಶಕ್ತಿ ಖರ್ಚಾಗುವುದರಿಂದ ಇದು ದುಬಾರಿ. ಮಧ್ಯಪ್ರದೇಶದ ವಿಂಧ್ಯಾಚಲ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಎನ್‌ಟಿಪಿಸಿ 2022ರಲ್ಲಿ ಆರಂಭಿಸಿದ ಘಟಕ ದಿನಕ್ಕೆ 20 ಟನ್ ಹಿಡಿಯುವಂಥದ್ದು. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.9 ಕಿಲೋ ಅನಿಲ ಎಂದು ಹಿಡಿದರೆ, 500 ಮೆಗಾವಾಟ್‌ನ ಒಂದೇ ಒಂದು ಯಂತ್ರ ದಿನವಿಡೀ ಓಡಿದಾಗ 10,800 ಟನ್ ಬಿಡುತ್ತದೆ. ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಹಾಗೆಂದು ಇದನ್ನು ತಳ್ಳಿಹಾಕುವಂತೆಯೂ ಇಲ್ಲ. ಸಿಮೆಂಟಿಗೆ 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ಟರೆ ಕಲ್ಲಿನಿಂದಲೇ 44 ಕಿಲೋ ಅನಿಲ ಬರುತ್ತದೆ. ಒಲೆಗೆ ಸೌರಶಕ್ತಿಯನ್ನೇ ಬಳಸಿದರೂ ಅದು ತಪ್ಪದು. ಅಂಥ ಕಡೆ ಹಿಡಿಯದೆ ಬೇರೆ ದಾರಿ ಕಡಿಮೆ.

ಸೋರಿಕೆಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ನಾರ್ವೆಯವರು 1991ರಲ್ಲಿ ಸಮುದ್ರದ ತೈಲೋದ್ಯಮದ ಮೇಲೆ ಇಂಗಾಲದ ತೆರಿಗೆ ಹಾಕಿದ ಮೇಲೆ, ಉತ್ತರ ಸಮುದ್ರದ ಸ್ಲೈಪ್ನರ್ ಎಂಬಲ್ಲಿ 1996ರಿಂದ ವರ್ಷಕ್ಕೆ ಹೆಚ್ಚುಕಡಿಮೆ 10 ಲಕ್ಷ ಟನ್ ಅನಿಲವನ್ನು ಸಮುದ್ರತಳದ ಕೆಳಗೆ ಇಳಿಸುತ್ತ ಬಂದಿದ್ದಾರೆ; ಅದು ಅಲ್ಲೇ ನಿಂತಿದೆ. ಹೆಚ್ಚಿನ ಅಪಾಯ ಇರುವುದು ಸಾಗಿಸುವ ಕೊಳವೆಯಲ್ಲಿ. 2020ರ ಫೆಬ್ರುವರಿಯಲ್ಲಿ ಅಮೆರಿಕದ ಮಿಸಿಸಿಪಿ ರಾಜ್ಯದ ಸಟಾರ್ಶಿಯಾ ಎಂಬ ಹಳ್ಳಿಯ ಬಳಿ ಇಂಥ ಕೊಳವೆ ಒಡೆಯಿತು. ಭಾರಿ ಮಳೆಗೆ ನೆನೆದ ಇಳಿಜಾರಿನ ಮಣ್ಣು ಜರಿದದ್ದೇ ಕಾರಣ. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಮಡುಗಟ್ಟಿತು, ವಾಹನಗಳ ಎಂಜಿನ್ ನಿಂತುಹೋದವು, ಸುಮಾರು 200 ಮಂದಿಯನ್ನು ತೆರವು ಮಾಡಬೇಕಾಯಿತು, 45 ಮಂದಿ ಆಸ್ಪತ್ರೆ ಸೇರಿದರು. ಸಾವು ಸಂಭವಿಸಲಿಲ್ಲ. ಮಳೆಗೆ ಬರೆ ಜರಿಯುವುದೆಂದರೇನೆಂದು ಮಡಿಕೇರಿ ತಾಲ್ಲೂಕಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. ಘಟ್ಟ ದಾಟಿ ಕರಾವಳಿಗೆ ಕೊಳವೆ ಹಾಕುವ ಮಾತು ಎಂದಾದರೂ ಬಂದರೆ ಆಗ ಈ ಘಟನೆಯನ್ನು ನೆನಪಿಸಿ.

ಕಾನೂನಿನ ವಿಷಯದಲ್ಲಿ ನಾವು ಹಿಂದಿದ್ದೇವೆ. ಅನಿಲವನ್ನು ಭೂಮಿಯೊಳಗೆ ಇಳಿಸುವ ಬಾವಿಗಳಿಗೆಂದೇ ಅಮೆರಿಕ 2010ರಲ್ಲಿ ಪ್ರತ್ಯೇಕ ದರ್ಜೆಯ ಪರವಾನಗಿ ತಂದಿತು. ಅನಿಲ ಇಳಿಸುವುದನ್ನು ನಿಲ್ಲಿಸಿದ ಮೇಲೂ ಸಾಮಾನ್ಯವಾಗಿ 50 ವರ್ಷ ಕಾವಲಿರಬೇಕು ಎಂಬುದು ಅದರ ನಿಯಮ. ಐರೋಪ್ಯ ಒಕ್ಕೂಟದ 2009ರ ನಿರ್ದೇಶನದ ಪ್ರಕಾರ, ಬಾವಿ ಮುಚ್ಚಿದ ಬಳಿಕ ಸಾಮಾನ್ಯವಾಗಿ ಕನಿಷ್ಠ 20 ವರ್ಷ ಕಂಪನಿಯೇ ಹೊಣೆ. ಅನಂತರ ಹೊಣೆ ಸರ್ಕಾರಕ್ಕೆ ಹೋಗುವಾಗ ಕನಿಷ್ಠ 30 ವರ್ಷದ ತಪಾಸಣೆಗೆ ಬೇಕಾದ ಹಣವನ್ನು ಕಂಪನಿ ಕಟ್ಟಿರಬೇಕು. ನಮ್ಮಲ್ಲಿ ನೀತಿ ಆಯೋಗ 2022ರ ನವೆಂಬರ್‌ನಲ್ಲಿ ನೀತಿಯ ಚೌಕಟ್ಟೊಂದನ್ನು ಸೂಚಿಸಿತು. ಆದರೆ ನೂರು ವರ್ಷದ ನಂತರ ಸೋರಿದರೆ ಯಾರನ್ನು ಕೇಳಬೇಕೆಂದು ಹೇಳುವ ಪ್ರತ್ಯೇಕ ಕಾನೂನು ಇಲ್ಲ. ದೊಡ್ಡ ಪ್ರಮಾಣದಲ್ಲಿ ಹೂಳುವ ಕೆಲಸಕ್ಕಿಂತ ಮೊದಲು ಅದು ಬರಬೇಕು.

ಪ್ರಶ್ನೆ: ನನ್ನ ಜೀಪಿಗೆ ಎಮಿಷನ್ ಸರ್ಟಿಫಿಕೇಟ್ ಇದೆ. ಅಂದರೆ ಇಂಗಾಲದ ನಿಯಮ ಪಾಲಿಸಿದಂತೆ ತಾನೇ? – ಓದುಗರು, ಮಡಿಕೇರಿ

ಉತ್ತರ: ಅಲ್ಲ. ಡೀಸೆಲ್ ವಾಹನದಲ್ಲಿ ಆ ತಪಾಸಣೆ ನೋಡುವುದು ಹೊಗೆಯ ದಟ್ಟಣೆಯನ್ನು. ಪೆಟ್ರೋಲ್ ವಾಹನದಲ್ಲಿ ಮಿತಿ ಇರುವುದು ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗೆ. ಗಾಳಿಯ ಗುಣಮಟ್ಟಕ್ಕೆ 2009ರಲ್ಲಿ ನಿಗದಿಪಡಿಸಿದ 12 ಮಾಲಿನ್ಯಕಾರಕಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇಂಗಾಲದ ಡೈಆಕ್ಸೈಡ್ ಇಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಬಿಡುಗಡೆಯಾಗುತ್ತದೆ, ಎಂಜಿನ್ ಎಷ್ಟೇ ಶುಚಿಯಾಗಿರಲಿ. ಕಾರುಗಳ ಮಟ್ಟಿಗೆ ಇದಕ್ಕೆ ಕಟ್ಟು ಹಾಕಿರುವುದು ತಯಾರಕರಿಗೆ: ಮಾರಿದ ಎಲ್ಲ ಕಾರುಗಳ ಸರಾಸರಿ 2022–23ರಿಂದ ಕಿಲೋಮೀಟರಿಗೆ 113 ಗ್ರಾಂ ಒಳಗಿರಬೇಕು. 12 ಕಿಲೋಮೀಟರ್ ಮೈಲೇಜ್ ಕೊಡುವ ಜೀಪು ಸುಮಾರು 225 ಗ್ರಾಂ ಬಿಡುತ್ತದೆ. ಅದಕ್ಕಾಗಿ ನಿಮ್ಮನ್ನು ಯಾರೂ ತಡೆದು ನಿಲ್ಲಿಸುವುದಿಲ್ಲ.

ಪ್ರಶ್ನೆ: ಮರಕ್ಕೆ ಸಿಗದಿದ್ದರೆ ಹೋಗಲಿ, ಗೊಬ್ಬರ ಕಡಿಮೆ ಹಾಕಿದ್ದಕ್ಕೆ, ಸಗಣಿ ಗ್ಯಾಸ್ ಮಾಡಿದ್ದಕ್ಕೆ ಏನಾದರೂ ಸಿಗುತ್ತದೆಯೇ? ಮನೆಯಲ್ಲಿ 3 ಹಸುಗಳಿವೆ. – ಗೃಹಿಣಿ, ಶನಿವಾರಸಂತೆ

ಉತ್ತರ: ಯೂರಿಯಾದಿಂದ ಆಗುವುದು ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಅದರ ಶಾಖ ಹಿಡಿಯುವ ಬಲ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ಹಾಕಿದ ಸಾರಜನಕದಲ್ಲಿ ಶೇ 1ರಷ್ಟು ಹೀಗೆ ಹೋಗುತ್ತದೆಂಬ ಅಂತರರಾಷ್ಟ್ರೀಯ ಲೆಕ್ಕದಂತೆ, 45 ಕಿಲೋ ಚೀಲ ಯೂರಿಯಾ ಸುಮಾರು 88 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ವರ್ಷಕ್ಕೆ 4 ಚೀಲ ಕಡಿಮೆ ಮಾಡಿದರೂ ಅರ್ಧ ಕ್ರೆಡಿಟ್ ಆಗುವುದಿಲ್ಲ. ಆದರೆ 4 ಚೀಲದ ದುಡ್ಡು ಕೈಯಲ್ಲೇ ಉಳಿಯುತ್ತದೆ.

ಸಗಣಿಯ ವಿಷಯದಲ್ಲಿ ಬಾಗಿಲು ನಿಜವಾಗಿಯೂ ತೆರೆದಿದೆ. ದೇಶದ ಯೋಜನೆಯಡಿ 2025ರಲ್ಲಿ ಮೊದಲು ಒಪ್ಪಿದ 8 ವಿಧಾನಗಳಲ್ಲಿ, ಮನೆಗಳಲ್ಲಿ ಹಾಗೂ ಸಣ್ಣ ಹಿಡುವಳಿಗಳಲ್ಲಿ ದನದ ಸಗಣಿಯಿಂದ ಮೀಥೇನ್ ಹಿಡಿಯುವುದೂ ಒಂದು. ಆ ಪಟ್ಟಿಯಲ್ಲಿ ಗಿಡ ನೆಡುವುದಕ್ಕೆ ಇದ್ದದ್ದು ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮಾತ್ರ, ಅದು ಕಡಲಂಚಿನವರ ಪಾಲು. ನಿಮ್ಮ ಮನೆಯಲ್ಲಿ ಸಗಣಿ ಗ್ಯಾಸಿನಿಂದ ವರ್ಷಕ್ಕೆ 8 ಸಿಲಿಂಡರ್ ಉಳಿಯಿತೆಂದುಕೊಳ್ಳಿ. 14.2 ಕಿಲೋದ ಒಂದು ಸಿಲಿಂಡರ್ ಉರಿದರೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್. 8ಕ್ಕೆ 340 ಕಿಲೋ ಆಗುವುದರಿಂದ, ಉಳಿದ ಸಿಲಿಂಡರಿನ ಲೆಕ್ಕವೊಂದನ್ನೇ ಹಿಡಿದರೆ ಒಂದು ಟನ್ ಆಗಲು ಮೂರು ಮನೆ ಬೇಕು. ಗುಂಡಿಯಲ್ಲಿ ಕೊಳೆತು ಗಾಳಿಗೆ ಹೋಗಬೇಕಿದ್ದ ಮೀಥೇನ್ ತಡೆದದ್ದಕ್ಕೆ ಇನ್ನಷ್ಟು ಸೇರಬಹುದು. ಏನೇ ಆದರೂ 3 ಹಸುಗಳ ಒಂದು ಮನೆಗಾಗಿ ತಪಾಸಕರು ಬರುವುದಿಲ್ಲ. ನಿಮ್ಮ ಹಾಲಿನ ಸಂಘದ ಮುಂದಿನ ಸಭೆಯಲ್ಲಿ ಎಷ್ಟು ಮನೆಗಳಲ್ಲಿ ಗೋಬರ್ ಗ್ಯಾಸ್ ಇದೆ, ಎಷ್ಟು ಮನೆಯವರು ಹೊಸದಾಗಿ ಕಟ್ಟಿಸಲು ಸಿದ್ಧರಿದ್ದಾರೆ ಎಂದು ಬೇರೆ ಬೇರೆಯಾಗಿ ಪಟ್ಟಿ ಮಾಡಿಸಿ. ಲೆಕ್ಕಕ್ಕೆ ಬರುವುದು ಎರಡನೆಯ ಪಟ್ಟಿ.